ಕಾಡಿನ ಜಿಂಕೆ ಹೊಟ್ಟೆಗೆ ತಿಂದಿದೆಯಾ? ಮೂಳೆಯನ್ನು ಕೇಳಿ

ಮಟನ್ ಸಾರಿನ ನಲ್ಲಿ ಮೂಳೆ ಯಾರ ತಟ್ಟೆಗೆ ಬೀಳಬೇಕು ಅನ್ನುವುದು ನಮ್ಮ ಮನೆಯಲ್ಲಿ ಭಾನುವಾರದ ಖಾಯಂ ಜಗಳವಾಗಿತ್ತು. ಸಿಕ್ಕವರು ಅದನ್ನು ತಟ್ಟೆಯ ಅಂಚಿಗೆ ಎರಡು ಸಲ ಕುಟ್ಟಿ, ಬಾಯಿಗಿಟ್ಟು ಜೋರಾಗಿ ಎಳೆಯಬೇಕು. ಚೆನ್ನಾಗಿ ಮೇಯ್ದ ಕುರಿಯದ್ದಾದರೆ ಬೆಣ್ಣೆಯಂಥ ಮಜ್ಜೆ ಸುರಕ್ಕಂತ ನಾಲಿಗೆಗೆ ಬರುತ್ತದೆ. ಕೆಲವು ಸಲ ಎಷ್ಟು ಎಳೆದರೂ ಬರೀ ಸಾರು. ಆಗ ಅಪ್ಪ 'ಮೇವಿಲ್ಲದ ಕುರಿ ಕಡಿದಿದ್ದಾನೆ ಕಣೋ' ಅನ್ನುತ್ತಿದ್ದರು.

ಕಾಡಿನ ಜಿಂಕೆಗಳನ್ನು ಅಧ್ಯಯನ ಮಾಡುವವರೂ ಇದೇ ಮಾತನ್ನೇ ಹೇಳುತ್ತಾರೆ. ತಕ್ಕಡಿ ಇಟ್ಟುಕೊಂಡು ಹೇಳುತ್ತಾರೆ, ಅಷ್ಟೇ ವ್ಯತ್ಯಾಸ.

ಒಂದು ಕಾಡಿನಲ್ಲಿ ಎಷ್ಟು ಜಿಂಕೆ ಇವೆ ಅಂತ ಎಣಿಸುವುದು ಒಂದು ಕೆಲಸ. ಅವು ಹೇಗಿವೆ ಅಂತ ತಿಳಿಯುವುದು ಬೇರೆಯೇ ಕೆಲಸ. ಪೇಪರಿನಲ್ಲಿ ಬರುವುದು ಮೊದಲನೆಯದು ಮಾತ್ರ. ಸಂಖ್ಯೆ ಏರಿದರೆ ಖುಷಿ, ಇಳಿದರೆ ಆತಂಕ. ಆದರೆ ಸಂಖ್ಯೆ ಏರುತ್ತಿರುವಾಗಲೇ ಹಿಂಡು ಒಳಗೊಳಗೇ ದಿವಾಳಿಯಾಗುತ್ತಿರಬಹುದು. ಅದನ್ನು ಮೊದಲು ಹೇಳುವುದು ಪ್ರಾಣಿಯ ಮೈ.

ಇದಕ್ಕೆ ನನಗೆ ಗೊತ್ತಿರುವ ಅತ್ಯಂತ ಕಠೋರ ಉದಾಹರಣೆ ಅಲಾಸ್ಕಾದ ಪಶ್ಚಿಮಕ್ಕೆ, ಬೇರಿಂಗ್ ಸಮುದ್ರದ ನಡುವೆ ಇರುವ ಸೇಂಟ್ ಮ್ಯಾಥ್ಯೂ ಅನ್ನುವ ದ್ವೀಪ. 1944ರಲ್ಲಿ, ಎರಡನೇ ಮಹಾಯುದ್ಧದ ಹೊತ್ತಿಗೆ, ಅಮೆರಿಕದ ಕೋಸ್ಟ್ ಗಾರ್ಡ್ ಅಲ್ಲಿಗೆ 29 ಹಿಮಸಾರಂಗಗಳನ್ನು ತಂದು ಬಿಟ್ಟಿತು. ಹಿಮಸಾರಂಗವೂ ಜಿಂಕೆಯ ಕುಟುಂಬದ್ದೇ. ದ್ವೀಪದಲ್ಲಿದ್ದ ಸಣ್ಣ ರೇಡಿಯೋ ಕೇಂದ್ರದ ಸಿಬ್ಬಂದಿಗೆ ಆಪತ್ತು ಬಂದರೆ ಊಟಕ್ಕಾಗಲಿ ಅಂತ. ಯುದ್ಧ ಮುಗಿಯಿತು, ಜನ ಹೊರಟುಹೋದರು, ಪ್ರಾಣಿಗಳು ಉಳಿದವು. ತೋಳ ಇಲ್ಲ, ಬೇಟೆಗಾರರಿಲ್ಲ. ನೆಲದ ತುಂಬ ದಪ್ಪಗೆ ಕಲ್ಲುಹೂವು. ನಾವು ಮಸಾಲೆಗೆ ಹಾಕುವ ಕಲ್ಲುಹೂವಿನ ನೆಂಟರೇ ಅವು, ಹಿಮಸಾರಂಗಕ್ಕೆ ಚಳಿಗಾಲದ ಮುಖ್ಯ ಊಟ.

1957ರಲ್ಲಿ ಡೇವಿಡ್ ಕ್ಲೈನ್ ಅನ್ನುವ ಜೀವವಿಜ್ಞಾನಿ ಅಲ್ಲಿಗೆ ಹೋದಾಗ 1,350 ಪ್ರಾಣಿಗಳಿದ್ದವು. ಎಲ್ಲ ಮೈತುಂಬಿಕೊಂಡಿದ್ದವು. 1963ರಲ್ಲಿ ಮತ್ತೆ ಹೋದರು. ಸುಮಾರು 6,000! ಸಂಖ್ಯೆಯನ್ನಷ್ಟೇ ನೋಡಿದವರು ಹಬ್ಬ ಮಾಡುತ್ತಿದ್ದರೇನೋ. ಆದರೆ ಕ್ಲೈನ್ ತೂಕವನ್ನೂ ನೋಡಿದ್ದರು. ಆರು ವರ್ಷದಲ್ಲಿ ಬೆಳೆದ ಹೆಣ್ಣುಗಳ ಸರಾಸರಿ ತೂಕ 38%, ಗಂಡುಗಳದ್ದು 43% ಕಡಿಮೆಯಾಗಿತ್ತು. ಆ ವರ್ಷದ ಚಳಿಗಾಲ ವಿಪರೀತ ಹಿಮ ತಂದಿತು. 1966ರಲ್ಲಿ ಅವರು ಮೂರನೇ ಸಲ ಹೋದಾಗ ಬದುಕಿದ್ದದ್ದು 42. ನಲವತ್ತೊಂದು ಹೆಣ್ಣು, ಒಂದು ಗಂಡು, ಅದರ ಕೊಂಬೂ ಸೊಟ್ಟ. ದ್ವೀಪದ ತುಂಬ ಅಸ್ಥಿಪಂಜರಗಳು. ಕ್ಲೈನ್ ಆ ಮೂಳೆಗಳ ಒಳಗೆ ನೋಡಿದರು. ಮಜ್ಜೆಯಲ್ಲಿ ಕೊಬ್ಬು ಉಳಿದಿರಲಿಲ್ಲ. ರೋಗ ಅಲ್ಲ, ಹಸಿವು.

ಮೂಳೆಯೊಳಗೆ ಕೊಬ್ಬಿಲ್ಲ ಅಂದರೆ ಹಸಿವು ಅಂತ ಹೇಗೆ ಹೇಳುತ್ತಾರೆ? ಮೈಯ ಕೊಬ್ಬು ಖರ್ಚಾಗುವುದಕ್ಕೆ ಒಂದು ಕ್ರಮ ಇದೆ. ಅದು ತಿಳಿದರೆ ಮುಂದಿನದೆಲ್ಲ ಸುಲಭ.

ಕಷ್ಟ ಬಂದ ಮನೆ ಹೇಗೆ ನಡೆಯುತ್ತದೆ ನೋಡಿ. ಮೊದಲು ಜೇಬಿನ ದುಡ್ಡು ಹೋಗುತ್ತದೆ. ಆಮೇಲೆ ಬ್ಯಾಂಕಿನದ್ದು. ಕೊನೆಗೆ, ಬೇರೆ ದಾರಿಯೇ ಇಲ್ಲ ಅಂದಾಗ, ಮಾಂಗಲ್ಯ ಅಡ ಇಡುತ್ತಾರೆ. ಜಿಂಕೆಯ ಮೈಯಲ್ಲೂ ಹೆಚ್ಚುಕಡಿಮೆ ಹಾಗೇ. ಚರ್ಮದ ಕೆಳಗೆ, ಬೆನ್ನಿನ ಹಿಂಭಾಗ ಮತ್ತು ಬಾಲದ ಬುಡದಲ್ಲಿರುವ ಕೊಬ್ಬು ಮೊದಲು ಕರಗುತ್ತದೆ. ಆಮೇಲೆ ಹೊಟ್ಟೆಯೊಳಗಿನದ್ದು: ಕರುಳಿನ ಮೇಲೆ ಬಲೆಯ ಹಾಗೆ ಹರಡಿರುವುದು, ಮೂತ್ರಪಿಂಡದ ಸುತ್ತ ಇರುವುದು. ಮಜ್ಜೆಯ ಕೊಬ್ಬು ಕಟ್ಟಕಡೆಗೆ. ಮೂಳೆಗಳಲ್ಲೂ ಸರದಿ ಇದೆ. ತೊಡೆಯ ಮೂಳೆ ಮೊದಲು ಖಾಲಿ, ಗೊರಸಿನ ಹತ್ತಿರದ ಕಾಲಿನ ಮೂಳೆ ಕೊನೆಗೆ. ಒಂದು ಪೂರ್ತಿ ಮುಗಿದ ಮೇಲೇ ಇನ್ನೊಂದು ಶುರು ಅಂತೇನಿಲ್ಲ, ನಡುವೆ ಒಂದಿಷ್ಟು ಕಲಸಿಕೊಳ್ಳುತ್ತವೆ. ಆದರೆ ಸಾಲು ಇದೇ.

ಹಾಗಾಗಿ 'ಜಿಂಕೆಯಲ್ಲಿ ಕೊಬ್ಬು ಎಷ್ಟು' ಅಂತ ಕೇಳಿದರೆ, ಯಾವ ಜೇಬು ತಡವಿದಿರಿ ಅಂತ ತಿರುಗಿ ಕೇಳಬೇಕು.

ಮೊದಲು ಮಜ್ಜೆ. ಇದು ಬಹಳ ಹಳೆಯ, ಬಹಳ ಸರಳ ಪರೀಕ್ಷೆ. 1940ರ ದಶಕದಲ್ಲೇ ನ್ಯೂಯಾರ್ಕ್ ರಾಜ್ಯದಲ್ಲಿ ಚಳಿಗಾಲದಲ್ಲಿ ಸತ್ತ ಬಿಳಿಬಾಲದ ಜಿಂಕೆಗಳ ತೊಡೆಯ ಮೂಳೆ ಒಡೆದು ನೋಡುವ ರೂಢಿ ಬಂದಿತ್ತು. ಗಟ್ಟಿಯಾಗಿ, ಬೆಳ್ಳಗೆ, ಮೇಣದ ಹಾಗಿದ್ದರೆ ಪ್ರಾಣಿ ಚೆನ್ನಾಗಿತ್ತು. ಕೆಂಪಗೆ, ಲೊಳಲೊಳ ಅನ್ನುವ ಜೆಲ್ಲಿಯ ಹಾಗಿದ್ದರೆ ಹಸಿದು ಸತ್ತಿದೆ. ಕೊಬ್ಬು ಹೋದ ಜಾಗದಲ್ಲಿ ನೀರು ತುಂಬಿಕೊಳ್ಳುವುದರಿಂದ ಹೀಗಾಗುತ್ತದೆ.

ಕಣ್ಣಂದಾಜು ಸಾಲದು ಅನ್ನುವವರಿಗೆ ತಕ್ಕಡಿ ಇದೆ. ಮೂಳೆಯ ನಡುಭಾಗದಿಂದ ಒಂದು ತುಂಡು ಮಜ್ಜೆ ತೆಗೆದು ತೂಗಬೇಕು. ಹದವಾದ ಬಿಸಿಯಲ್ಲಿ ಓವನ್‌ನಲ್ಲಿ ಒಣಗಿಸಬೇಕು. ತೂಕ ಇಳಿಯುವುದು ನಿಂತ ಮೇಲೆ ಮತ್ತೆ ತೂಗಬೇಕು. ಮಜ್ಜೆಯಲ್ಲಿ ಇರುವುದು ಬಹುಪಾಲು ಕೊಬ್ಬು ಮತ್ತು ನೀರು. ನೀರು ಹಾರಿಹೋದರೆ ಉಳಿದದ್ದು ಹೆಚ್ಚೂಕಡಿಮೆ ಕೊಬ್ಬೇ. 5 ಗ್ರಾಂ ಇಟ್ಟು 4.5 ಗ್ರಾಂ ಉಳಿದರೆ ಶ್ರೀಮಂತ ಜಿಂಕೆ. ಅದೇ 5 ಗ್ರಾಂ ಒಣಗಿ ಒಂದು ಗ್ರಾಮಿಗಿಂತ ಕೆಳಗೆ ಬಂದರೆ ಆ ಪ್ರಾಣಿ ಮಾಂಗಲ್ಯವನ್ನೂ ಅಡವಿಟ್ಟು ಸತ್ತಿದೆ.

ಮಜ್ಜೆಯ ದೊಡ್ಡ ಅನುಕೂಲ ಅಂದರೆ ಬೇರೆಲ್ಲ ಹೋದ ಮೇಲೂ ಅದು ಸಿಗುತ್ತದೆ. ತೋಳ ತಿಂದುಬಿಟ್ಟ ಜಿಂಕೆಯಲ್ಲಿ ಕರುಳು, ಮೂತ್ರಪಿಂಡ ಯಾವುದೂ ಉಳಿಯುವುದಿಲ್ಲ, ಕಾಲಿನ ಮೂಳೆ ಉಳಿದಿರುತ್ತದೆ. ಆದರೆ ಮೋಸವೂ ಇದೆ. ಮೂಳೆ ಬಿಸಿಲಿಗೆ ಬಿದ್ದು ಒಣಗಿದ್ದರೆ ನೀರು ಮೊದಲೇ ಹಾರಿರುತ್ತದೆ, ಲೆಕ್ಕದಲ್ಲಿ ಕೊಬ್ಬು ಜಾಸ್ತಿ ಬರುತ್ತದೆ. ಎಳೆಯ ಮರಿಗಳ ಮಜ್ಜೆ ರಕ್ತ ತಯಾರಿಸುವ ಕೆಲಸದಲ್ಲಿರುವುದರಿಂದ ಆರೋಗ್ಯವಾಗಿದ್ದರೂ ಕೆಂಪಗೇ ಇರುತ್ತದೆ. ಅದನ್ನು ನೋಡಿ 'ಹಸಿವು' ಅಂತ ಬರೆದುಬಿಟ್ಟರೆ ತಪ್ಪಾಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಮಜ್ಜೆ ತಡವಾಗಿ ಕೂಗುವ ಗಂಟೆ. ಪ್ರಾಣಿ ಸಾಕಷ್ಟು ಸೊರಗಿದ್ದರೂ ಮಜ್ಜೆ ತುಂಬಿರಬಹುದು. 'ಮಜ್ಜೆಯಲ್ಲಿ 90% ಕೊಬ್ಬಿದೆ, ಆದ್ದರಿಂದ ಹಿಂಡು ಸುಖವಾಗಿದೆ' ಅನ್ನುವ ವರದಿ ನೋಡಿದರೆ ನನಗೆ ಅನುಮಾನ ಬರುತ್ತದೆ. ಮಾಂಗಲ್ಯ ಕೊರಳಲ್ಲಿದೆ ಅಂದ ಮಾತ್ರಕ್ಕೆ ಮನೆಯಲ್ಲಿ ಅಕ್ಕಿ ಇದೆ ಅಂತಲ್ಲ, ಅಲ್ವಾ?

ಮಧ್ಯದ ಸ್ಥಿತಿ ತಿಳಿಯಲು ಮೂತ್ರಪಿಂಡದ ಹತ್ತಿರ ಹೋಗಬೇಕು. 1955ರಲ್ಲಿ ಥೇನ್ ರೈನಿ ಅನ್ನುವವರು ನ್ಯೂಜಿಲೆಂಡಿನ ಕೆಂಪು ಜಿಂಕೆಗಳ ಮೇಲೆ ಈ ವಿಧಾನವನ್ನು ವಿವರಿಸಿದರು. ನ್ಯೂಜಿಲೆಂಡಿಗೆ ಜಿಂಕೆಗಳು ಸ್ಥಳೀಯ ಅಲ್ಲ. ಬೇಟೆಯ ಶೋಕಿಗೆ ಬ್ರಿಟಿಷರು ತಂದುಬಿಟ್ಟವು ಬೆಟ್ಟಗಳ ತುಂಬ ಹರಡಿ ಕಾಡನ್ನು ಬೋಳಿಸುತ್ತಿದ್ದವು. ಸರ್ಕಾರವೇ ಸಂಬಳ ಕೊಟ್ಟು ಕೊಲ್ಲಿಸುತ್ತಿತ್ತು. ಅಂದರೆ ಪರೀಕ್ಷೆಗೆ ದೇಹಗಳ ಕೊರತೆ ಇರಲಿಲ್ಲ.

ಕುರಿಯ ಕಿಡ್ನಿ ತಂದವರಿಗೆ ಗೊತ್ತು, ಅದು ಬಿಳಿ ಕೊಬ್ಬಿನ ಮುದ್ದೆಯೊಳಗೆ ಹೂತಿರುತ್ತದೆ. ರೈನಿ ವಿಧಾನದಲ್ಲಿ ಮೂತ್ರಪಿಂಡವನ್ನು ಕೊಬ್ಬಿನ ಸಮೇತ ತೆಗೆದು, ಅದರ ಎರಡೂ ತುದಿಗೆ ಸರಿಯಾಗಿ ನೇರ ಕತ್ತರಿಸಿ, ಆಚೀಚೆ ಚಾಚಿಕೊಂಡ ಕೊಬ್ಬನ್ನು ಬಿಟ್ಟುಬಿಡುತ್ತಾರೆ. ಉಳಿದ ಕೊಬ್ಬನ್ನು ಸುಲಿದು ತೂಗುತ್ತಾರೆ. ಮೂತ್ರಪಿಂಡವನ್ನು ಬೇರೆ ತೂಗುತ್ತಾರೆ. ಕೊಬ್ಬಿನ ತೂಕವನ್ನು ಮೂತ್ರಪಿಂಡದ ತೂಕದಿಂದ ಭಾಗಿಸಿ ನೂರರಿಂದ ಗುಣಿಸಿದರೆ ಬರುವುದೇ ಸೂಚ್ಯಂಕ. ಚೆನ್ನಾಗಿ ತಿಂದ ಪ್ರಾಣಿಯಲ್ಲಿ ಇದು ನೂರನ್ನೂ ದಾಟುತ್ತದೆ. ಬಿಳಿಬಾಲದ ಜಿಂಕೆಗಳಲ್ಲಿ ಇದು ಸುಮಾರು 30ಕ್ಕಿಂತ ಕೆಳಗೆ ಇಳಿದ ಮೇಲೆ ಮಜ್ಜೆ ಕರಗಲು ಶುರುವಾಗುತ್ತದೆ ಅಂತ 1960ರ ದಶಕದಲ್ಲಿ ಕಂಡುಕೊಂಡರು. ಹಾಗಾಗಿ ಎರಡನ್ನೂ ಸೇರಿಸಿ ಓದುತ್ತಾರೆ. 30ರ ಮೇಲಿದ್ದರೆ ಮೂತ್ರಪಿಂಡದ ಮಾತು ಕೇಳಿ, ಕೆಳಗಿದ್ದರೆ ಮಜ್ಜೆಯ ಮಾತು ಕೇಳಿ.

ಇಲ್ಲೂ ಒಂದು ಎಡವಟ್ಟಿದೆ. ಪ್ರಾಣಿಯ ಗಾತ್ರಕ್ಕೆ ಸರಿದೂಗಿಸಲು ಮೂತ್ರಪಿಂಡದ ತೂಕದಿಂದ ಭಾಗಿಸುತ್ತೇವೆ. ಆದರೆ ಮೂತ್ರಪಿಂಡವೇ ಋತುವಿನ ಜೊತೆ ಹಿಗ್ಗಿ ಕುಗ್ಗುತ್ತದೆ. ಬೇಸಿಗೆಯಲ್ಲಿ 100 ಗ್ರಾಂ ಮೂತ್ರಪಿಂಡ, 60 ಗ್ರಾಂ ಕೊಬ್ಬು ಅಂದುಕೊಳ್ಳಿ. ಸೂಚ್ಯಂಕ 60. ಚಳಿಗಾಲದಲ್ಲಿ ಮೇವು ಕಡಿಮೆಯಾಗಿ ಮೂತ್ರಪಿಂಡ 80 ಗ್ರಾಮಿಗೆ ಇಳಿಯಿತು, ಕೊಬ್ಬು ಅಷ್ಟೇ ಇದೆ. ಸೂಚ್ಯಂಕ 75! ಒಂದು ಗ್ರಾಂ ಕೊಬ್ಬೂ ಸೇರದೆ ಜಿಂಕೆ 'ದಪ್ಪ' ಆಯಿತು. ಅದಕ್ಕೇ ಈಗ ಹಲವರು ಭಾಗಾಕಾರದ ತಂಟೆಗೆ ಹೋಗದೆ ಕೊಬ್ಬಿನ ತೂಕವನ್ನೇ ನೇರ ಬಳಸುತ್ತಾರೆ.

ಒಂದು ಮಾತು ನಡುವೆ ಹೇಳಿಬಿಡುತ್ತೇನೆ. ಹೊಟ್ಟೆ ತುಂಬಿದೆ ಅಂದರೆ ಹಸಿವಿಲ್ಲ ಅಂತ ಅಲ್ಲ. ಚಳಿಗಾಲದಲ್ಲಿ ಸತ್ತ ಜಿಂಕೆಯ ಹೊಟ್ಟೆ ಸೀಳಿದರೆ ಎಷ್ಟೋ ಸಲ ಮೇವು ತುಂಬಿರುತ್ತದೆ. ಬರೀ ಕಡ್ಡಿ, ತೊಗಟೆ. ಜಿಂಕೆ ಮೆಲುಕು ಹಾಕುವ ಪ್ರಾಣಿ. ಅದರ ಹೊಟ್ಟೆಯೊಳಗಿನ ಸೂಕ್ಷ್ಮಜೀವಿಗಳು ಮೇವನ್ನು ಕೊಳೆಸಿ ಕೊಡಬೇಕು. ಸತ್ವ ಇಲ್ಲದ ಒರಟು ಮೇವು ಒಳಗೇ ನಿಲ್ಲುತ್ತದೆ, ಬೇಗ ಮುಂದೆ ಹೋಗುವುದಿಲ್ಲ, ಹೊಸದಕ್ಕೆ ಜಾಗ ಇರುವುದಿಲ್ಲ. ಹೊಟ್ಟೆ ತುಂಬಿದ್ದೂ ಉಪವಾಸ. ಪಾಪ ಅಂತ ಯಾರಾದರೂ ಒಮ್ಮೆಲೇ ಜೋಳ ಸುರಿದರೆ ಇನ್ನೂ ಕಷ್ಟ. ಆ ಸೂಕ್ಷ್ಮಜೀವಿಗಳಿಗೆ ಅದು ಅಭ್ಯಾಸವಿಲ್ಲ, ಹೊಟ್ಟೆಯಲ್ಲಿ ಆಮ್ಲ ಏರಿ ಜಿಂಕೆ ಸಾಯುತ್ತದೆ. ಅದಕ್ಕೇ ಸತ್ತ ಪ್ರಾಣಿಯ ಹೊಟ್ಟೆ ನೋಡಿ ಯಾರೂ ತೀರ್ಪು ಕೊಡುವುದಿಲ್ಲ. ಮೂಳೆ ಒಡೆದು ನೋಡುತ್ತಾರೆ.

ಇದುವರೆಗೆ ಹೇಳಿದ್ದೆಲ್ಲ ಸತ್ತ ಜಿಂಕೆಯ ಕಥೆ. ಬದುಕಿರುವುದನ್ನು ಕೇಳುವುದು ಹೇಗೆ?

ಗರ್ಭಿಣಿಯರಿಗೆ ಮಾಡುವ ಅಲ್ಟ್ರಾಸೌಂಡ್ ಇದೆಯಲ್ಲ, ಅದನ್ನೇ ಜಿಂಕೆಯ ಹಿಂಭಾಗಕ್ಕೆ ಇಡುತ್ತಾರೆ. ಅಮೆರಿಕದ ವ್ಯೋಮಿಂಗ್‌ನಲ್ಲಿ ಕೆವಿನ್ ಮಾಂಟೀತ್ ಅವರ ತಂಡ ಮ್ಯೂಲ್ ಡೀರ್ ಅನ್ನುವ ಜಿಂಕೆಗಳನ್ನು ವರ್ಷಕ್ಕೆ ಎರಡು ಸಲ, ಚಳಿಗಾಲದ ಆರಂಭಕ್ಕೊಮ್ಮೆ, ಕೊನೆಗೊಮ್ಮೆ ಹಿಡಿಯುತ್ತದೆ. ಅವವೇ ಜಿಂಕೆಗಳನ್ನು, ವರ್ಷಗಟ್ಟಲೆ. ಹೆಲಿಕಾಪ್ಟರಿನಿಂದ ಬಲೆ ಹಾರಿಸಿ ಬೀಳಿಸುತ್ತಾರೆ. ಕಣ್ಣಿಗೆ ಬಟ್ಟೆ ಕಟ್ಟುತ್ತಾರೆ, ಕತ್ತಲಾದರೆ ಪ್ರಾಣಿಯ ಗಾಬರಿ ಕಡಿಮೆ. ಸೊಂಟದ ಎಲುಬಿನಿಂದ ಬಾಲದ ಪಕ್ಕದ ಎಲುಬಿನ ಕಡೆಗೆ ಒಂದು ಗೆರೆ ಅಂದುಕೊಳ್ಳಿ. ಅದರ ಹಿಂದಿನ ತುದಿಯ ಹತ್ತಿರ ಕೊಬ್ಬು ಅತಿ ದಪ್ಪ. ಅಲ್ಲಿ ಕೂದಲು ಸರಿಸಿ ಜೆಲ್ ಹಚ್ಚಿ ಯಂತ್ರ ಇಡುತ್ತಾರೆ. ಪರದೆಯ ಮೇಲೆ ಚರ್ಮ ಒಂದು ಗೆರೆ, ಸ್ನಾಯು ಇನ್ನೊಂದು ಗೆರೆ, ನಡುವಿನ ಪಟ್ಟಿ ಕೊಬ್ಬು. ಚಳಿಗಾಲದ ಆರಂಭದಲ್ಲಿ ಅದು ಸೆಂಟಿಮೀಟರ್ ಲೆಕ್ಕದಲ್ಲಿರುತ್ತದೆ. ಕೊನೆಗೆ ಮಿಲಿಮೀಟರ್, ಎಷ್ಟೋ ಸಲ ಸೊನ್ನೆ.

ಸೊನ್ನೆ ಬಂದರೆ? ಜೇಬು ಖಾಲಿ, ಬ್ಯಾಂಕಿನದ್ದು ಯಂತ್ರಕ್ಕೆ ಕಾಣುವುದಿಲ್ಲ. ಎಲ್ಕ್ ಅನ್ನುವ ದೊಡ್ಡ ಜಿಂಕೆಯಂಥ ಪ್ರಾಣಿಗಳಲ್ಲಿ ಒಟ್ಟು ಮೈಯ ಕೊಬ್ಬು ಸುಮಾರು 5-6%ಗೆ ಇಳಿಯುವಷ್ಟರಲ್ಲಿ ಹಿಂಭಾಗದ್ದು ಮುಗಿದಿರುತ್ತದೆ. ಅಲ್ಲಿಂದ ಕೆಳಗೆ ಕೈಯೇ ಗತಿ. ಬೆರಳಿನಿಂದ ಬೆನ್ನುಮೂಳೆ, ಸೊಂಟ, ಬಾಲದ ಬುಡ ಒತ್ತಿ ನೋಡಿ ಅಂಕ ಕೊಡುತ್ತಾರೆ. ದನದ ಜಾತ್ರೆಯಲ್ಲಿ ಎತ್ತಿನ ಬೆನ್ನ ಮೇಲೆ ಕೈಯಾಡಿಸಿ, ಪಕ್ಕೆ ಒತ್ತಿ, ಬೆಲೆ ಕಟ್ಟುವ ಹಿರಿಯರನ್ನು ನೋಡಿದ್ದೀರಲ್ಲ, ಅದೇ ಕೆಲಸ. ಈ ಅಂಕ, ಅಲ್ಟ್ರಾಸೌಂಡ್ ಅಳತೆ ನಿಜವೋ ಸುಳ್ಳೋ ಅಂತ ಪರೀಕ್ಷಿಸಲು ಒಂದಷ್ಟು ಪ್ರಾಣಿಗಳ ದೇಹವನ್ನು ಪೂರ್ತಿ ರುಬ್ಬಿ, ರಾಸಾಯನಿಕವಾಗಿ ಕೊಬ್ಬು ಬೇರ್ಪಡಿಸಿ ತೂಗಿದ್ದಾರೆ. ಓದುವಾಗ ಹೊಟ್ಟೆ ತೊಳಸುತ್ತದೆ. ಆದರೆ ಆ ಕೆಲಸ ಆಗಿರುವುದರಿಂದಲೇ ಇವತ್ತು ಜಿಂಕೆಯನ್ನು ಕೊಲ್ಲದೆ ಅಳೆಯಲು ಸಾಧ್ಯವಾಗಿದೆ.

ಇದರಿಂದ ಉಪಯೋಗ ಏನು? ಚಳಿಗಾಲಕ್ಕೆ ಕಾಲಿಡುವಾಗ ಎಷ್ಟು ಕೊಬ್ಬಿತ್ತು ಅನ್ನುವುದರ ಮೇಲೆ ಬದುಕುವ ಸಾಧ್ಯತೆ ನಿಂತಿದೆ. ಅಂದರೆ ಚಳಿಗಾಲದ ಸಾವಿಗೆ ಕಾರಣ ಬೇಸಿಗೆಯ ಮೇವಿನಲ್ಲಿರಬಹುದು. ಆದರೆ ಎಲ್ಲಕ್ಕೂ ಮಿತಿ ಇದೆ. 2022-23ರ ಚಳಿಗಾಲ ಎಷ್ಟು ಕ್ರೂರವಾಗಿತ್ತು ಅಂದರೆ, ವ್ಯೋಮಿಂಗ್ ರೇಂಜ್ ಬೆಟ್ಟಗಳಲ್ಲಿ ಜಾಡು ಹಿಡಿಯಲು ಕೊರಳಿಗೆ ಕಾಲರ್ ಹಾಕಿದ್ದ ಮರಿಗಳೆಲ್ಲ ಸತ್ತವು. ಬೆಳೆದ ಹೆಣ್ಣುಗಳಲ್ಲೂ ಅರ್ಧಕ್ಕಿಂತ ಹೆಚ್ಚು ಉಳಿಯಲಿಲ್ಲ.

ಅಳತೆ ಸಿಕ್ಕಿತು ಅಂತ ಇಟ್ಟುಕೊಳ್ಳಿ. ಅದನ್ನು ಓದುವುದರಲ್ಲೇ ಜಾಸ್ತಿ ಜನ ಎಡವುತ್ತಾರೆ. ಬೇಸಿಗೆ ಮುಗಿಯುವಾಗ ಹಿಂಡಿನಲ್ಲಿ ಎರಡು ಹೆಣ್ಣು ಜಿಂಕೆಗಳಿವೆ. ಒಂದು ದುಂಡಗೆ, ಮಿರಮಿರ ಮಿಂಚುತ್ತಿದೆ. ಇನ್ನೊಂದರ ಸೊಂಟದ ಎಲುಬು ಎದ್ದು ಕಾಣುತ್ತಿದೆ. ಯಾವುದು ಚೆನ್ನಾಗಿದೆ? ದುಂಡಗಿರುವುದರ ಮರಿ ಹುಟ್ಟಿದ ವಾರದಲ್ಲೇ ಸತ್ತಿರಬಹುದು. ಹಾಲುಣಿಸುವ ಖರ್ಚು ಇಲ್ಲ, ತಿಂದದ್ದೆಲ್ಲ ಮೈಗೆ. ಬಡಕಲಾಗಿರುವುದು ಮೂರು-ನಾಲ್ಕು ತಿಂಗಳಿಂದ ಮರಿಗೆ ಹಾಲು ಕೊಡುತ್ತಿರಬಹುದು. ಹಿಂಡಿನ ಲೆಕ್ಕದಲ್ಲಿ ಗೆದ್ದಿರುವುದು ಆ ಬಡಕಲೇ. ಹಾಗಾಗಿ ಕೆಚ್ಚಲಲ್ಲಿ ಹಾಲಿದೆಯಾ ಅಂತ ಬರೆದುಕೊಳ್ಳದೆ ಕೊಬ್ಬನ್ನು ಮಾತ್ರ ಬರೆದರೆ ಆ ಅಂಕಿ ಸುಮ್ನೆ ಕಾಗದ ತುಂಬಿಸಿದ ಹಾಗೆ.

ಗಂಡುಗಳದ್ದು ಇನ್ನೊಂದು ಕಥೆ. ಬೆದೆಯ ಕಾಲದಲ್ಲಿ ಅವು ಮೇಯುವುದನ್ನೇ ಮರೆಯುತ್ತವೆ. ಓಡುವುದು, ಕೂಗುವುದು, ಕೊಂಬು ತಾಗಿಸುವುದು. ಕೆಲವು ವಾರಗಳಲ್ಲಿ ಮೈತೂಕದ ಐದನೇ ಒಂದು ಭಾಗ ಕರಗಬಹುದು. ಆಗ ಗಂಡನ್ನು ಅಳೆದು 'ಕಾಡಲ್ಲಿ ಮೇವಿಲ್ಲ' ಅಂದರೆ ಕಾಡು ನಗುತ್ತದೆ.

ಇನ್ನು, ಕೊಬ್ಬು ಹೇಳುವುದು ಹಿಂದಿನ ತಿಂಗಳುಗಳ ಕಥೆ. ಈ ವಾರ ಏನು ನಡೆಯುತ್ತಿದೆ ಅಂತ ತಿಳಿಯಬೇಕಾದರೆ ಹಿಮದ ಮೇಲೆ ಜಿಂಕೆ ಉಚ್ಚೆ ಹೊಯ್ದ ಜಾಗ ಹುಡುಕುತ್ತಾರೆ. ತಮಾಷೆ ಅಲ್ಲ. ಅಮೆರಿಕದ ಉತ್ತರ ಭಾಗದಲ್ಲಿ ಈ ಹಳದಿ ಹಿಮವನ್ನು ಡಬ್ಬಿಗೆ ತುಂಬಿ ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ಕೊಬ್ಬು ಮುಗಿದ ಪ್ರಾಣಿ ತನ್ನ ಸ್ನಾಯುವನ್ನೇ ಕರಗಿಸಲು ಶುರುಮಾಡಿದಾಗ ಮೂತ್ರದಲ್ಲಿ ಯೂರಿಯಾ ಏರುತ್ತದೆ. ಹಿಮದ ನೀರು ಬೆರೆತು ಎಲ್ಲ ತೆಳುವಾಗುತ್ತದಲ್ಲ ಅಂದರೆ, ಅದಕ್ಕೂ ಉಪಾಯ ಇದೆ. ಕ್ರಿಯಾಟಿನಿನ್ ಅನ್ನುವ ಇನ್ನೊಂದು ವಸ್ತು ಮೂತ್ರದಲ್ಲಿ ದಿನವೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಹೋಗುತ್ತದೆ. ಅದಕ್ಕೆ ಹೋಲಿಸಿ ಯೂರಿಯಾ ಎಷ್ಟು ಅಂತ ನೋಡಿದರೆ ನೀರು ಬೆರೆತ ತೊಂದರೆ ಕಳೆದುಹೋಗುತ್ತದೆ. ಹಿಕ್ಕೆಯಲ್ಲಿನ ಸಾರಜನಕ ಅಳೆದು ಮೇವಿನ ಗುಣ ಅಂದಾಜು ಮಾಡುವವರೂ ಇದ್ದಾರೆ. ಆದರೆ ಒಗರು ಎಲೆ ತಿಂದರೆ ಅದರ ಟ್ಯಾನಿನ್ ಸಾರಜನಕ ಇರುವ ಪ್ರೋಟೀನಿಗೆ ಅಂಟಿಕೊಂಡು ಹಿಕ್ಕೆಯ ಮೂಲಕ ಹೊರಗೆ ಬರುತ್ತದೆ. ಮೇವು ಕೆಟ್ಟದಾಗಿದ್ದರೂ ಅಂಕಿ ಚೆನ್ನಾಗಿ ಕಾಣುತ್ತದೆ.

ನಮ್ಮ ಬಂಡೀಪುರ, ನಾಗರಹೊಳೆಯ ಚುಕ್ಕಿ ಜಿಂಕೆ, ಕಡವೆಗಳಿಗೆ ಇದರಲ್ಲಿ ಎಷ್ಟು ಹೊಂದುತ್ತದೆ? ಹಿಮ ಇಲ್ಲ, ಆ ಪರೀಕ್ಷೆ ಬಿಟ್ಟುಬಿಡಿ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಬೇಟೆಯೂ ಇಲ್ಲ. ಮೂತ್ರಪಿಂಡ ತೂಗುವ ಅವಕಾಶ ಮರಣೋತ್ತರ ಪರೀಕ್ಷೆಯಲ್ಲಿ ಮಾತ್ರ. ಹುಲಿ, ಸೀಳುನಾಯಿ ತಿಂದು ಉಳಿಸಿದ ಮೂಳೆ, ರಸ್ತೆಯಲ್ಲಿ ವಾಹನಕ್ಕೆ ಸಿಕ್ಕ ಜಿಂಕೆ, ಇವು ಏನಾದರೂ ಹೇಳಬಹುದು. ಆದರೆ ವಾಹನಕ್ಕೆ ಸಿಕ್ಕದ್ದು ಹಿಂಡಿನ ಒಳ್ಳೆಯ ಮಾದರಿ, ಹುಲಿ ಹಿಡಿದದ್ದು ಹಾಗಲ್ಲದಿರಬಹುದು. ಎರಡನ್ನೂ ಒಂದೇ ಪಟ್ಟಿಯಲ್ಲಿ ಸೇರಿಸಬಾರದು. ಇನ್ನೊಂದು, ಆರು ತಿಂಗಳ ಹಿಮಕ್ಕೆ ತಯಾರಾಗುವ ಪ್ರಾಣಿಯ ಅಳತೆಗೋಲನ್ನು ನಮ್ಮ ಜಿಂಕೆಗೆ ಹಿಡಿದರೆ ಎಲ್ಲವೂ ಬಡಕಲಾಗಿಯೇ ಕಾಣುತ್ತವೆ. ಚುಕ್ಕಿ ಜಿಂಕೆ ಹುಟ್ಟಾ ತೆಳ್ಳಗಿನ ಪ್ರಾಣಿ.

ಹಾಗಾಗಿ ಇಲ್ಲಿ ಉಳಿಯುವುದು ಕಣ್ಣು. ಫೆಬ್ರವರಿಯಿಂದ ಮೇ ತಿಂಗಳವರೆಗೆ ಹುಲ್ಲು ಒಣಗುತ್ತದೆ. ಜಿಂಕೆಗಳು ಉದುರಿದ ಹಣ್ಣು, ಹೂವು, ಮುಸುವಗಳು ಮರದಿಂದ ಕೆಡವಿದ ಚಿಗುರಿನ ಮೇಲೆ ದಿನ ದೂಡುತ್ತವೆ. ಆಗ ನೋಡಬೇಕಾದ ಜಾಗಗಳು ಮೂರು: ಪಕ್ಕೆಲುಬು, ಬೆನ್ನುಮೂಳೆ, ಹಿಂಭಾಗ. ಪಕ್ಕೆಲುಬು ಕಂಡ ಕೂಡಲೇ ಗಾಬರಿಯಾಗಬೇಡಿ, ಕೂದಲು ಸಣ್ಣಗಿರುವ ಪ್ರಾಣಿಯಲ್ಲಿ ಒಂದೆರಡು ಕಾಣುವುದು ಸಹಜ. ಸೊಂಟದ ಎಲುಬಿನ ಮುಂದೆ ಗುಳಿ ಬಿದ್ದಿದೆಯಾ, ಬಾಲದ ಎರಡೂ ಪಕ್ಕ ತಗ್ಗಾಗಿದೆಯಾ ಅಂತ ನೋಡಿ. ಒಂದು ಬಡಕಲು ಗಂಡು ಕಂಡರೆ ಲೆಕ್ಕಕ್ಕಿಲ್ಲ. ಚುಕ್ಕಿ ಜಿಂಕೆಯ ಗಂಡುಗಳೆಲ್ಲ ಒಂದೇ ತಿಂಗಳಲ್ಲಿ ಬೆದೆಗೆ ಬರುವುದಿಲ್ಲ, ಅದರದ್ದು ಈಗಷ್ಟೇ ಮುಗಿದಿರಬಹುದು. ಬೆಳೆದ ಹೆಣ್ಣುಗಳಲ್ಲಿ ಎಷ್ಟು ಪಾಲು ಹಾಗಿವೆ ಅಂತ ಎಣಿಸಬೇಕು.

ಸಫಾರಿ ಬಸ್ಸಿನಿಂದ ಎಣಿಸಿದರೆ ಇನ್ನೊಂದು ತೊಡಕು. ಪ್ರಾಣಿ ಕಾಣಲಿ ಅಂತ ದಾರಿಯ ಎರಡೂ ಬದಿ ಪೊದೆ ಸವರಿರುತ್ತಾರೆ, ಅಲ್ಲಿ ಎಳೆ ಹುಲ್ಲು ಚಿಗುರುತ್ತದೆ, ಜಿಂಕೆಗಳು ಅಲ್ಲೇ ಸೇರುತ್ತವೆ. ನಾವು ನೋಡುವುದು ಆ ಹುಲ್ಲಿನ ಜಿಂಕೆಗಳನ್ನು. ಲಂಟಾನ ಪೊದೆಗಳ ಆಚೆ ಇರುವವು ಹೇಗಿವೆ ಅಂತ ಬಸ್ಸಿಗೆ ಕಾಣುವುದಿಲ್ಲ.

ಮುಂದಿನ ಏಪ್ರಿಲ್‌ನಲ್ಲಿ ಹೋದರೆ ಒಂದು ಕೆಲಸ ಮಾಡಿ. ಎಲ್ಲರೂ ಜಿಂಕೆಯ ಮುಖದ ಫೋಟೋ ತೆಗೆಯುತ್ತಾರೆ. ದೊಡ್ಡ ಕಣ್ಣು, ಚೆಂದವಾಗಿ ಬರುತ್ತದೆ, ಆದರೆ ಮುಖ ನೋಡಿ ಕೊಬ್ಬು ತಿಳಿಯುವುದಿಲ್ಲ. ಅದು ತಿರುಗಿ ಹೊರಡುವವರೆಗೆ ಕಾದು, ಬಾಲದ ಕಡೆಯಿಂದ ಒಂದು ತೆಗೆಯಿರಿ. ದಿನಾಂಕ ಬರೆದಿಡಿ. ಮಳೆ ಬಿದ್ದು ಹುಲ್ಲು ಬಂದ ಮೇಲೆ, ಆಗಸ್ಟ್‌ನಲ್ಲೋ ಸೆಪ್ಟೆಂಬರ್‌ನಲ್ಲೋ, ಅದೇ ದಾರಿಯಲ್ಲಿ ಇನ್ನೊಂದು ತೆಗೆದು ಪಕ್ಕದಲ್ಲಿಟ್ಟು ನೋಡಿ.